ಇಪ್ಪತ್ತೆರಡನೇ ಕಂಬದ ದೀಪ

'ಇಪ್ಪತ್ತೆರಡನೇ ಕಂಬದ ದೀಪ ಉರಿಯುತ್ತಿಲ್ಲ. ಗಾಡಿ ನಿಲ್ಲಿಸುವ ಜಾಗದ ಹಲಗೆ ಕಾಣದೆ ಮುಂದೆ ಹೋಗಿ ವ್ಯಾಗನ್ನಿಗೆ ಗುದ್ದಿತು. ಸರಿಪಡಿಸಿ.'

ಇಷ್ಟು ಓದಿದ್ದೇ ನನಗೆ ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ತಿಂಗಳು ಕೂತು, ಕಂಪ್ಯೂಟರಿನ ರೈಲು ಆಟದೊಳಗೆ ನಮ್ಮ ನಿಲ್ದಾಣವನ್ನೂ ಅದರ ಹಳಿಗಳನ್ನೂ ಒಂದೊಂದಾಗಿ ಕಟ್ಟಿ, ಯಾರು ಬೇಕಾದರೂ ಓಡಿಸಿಕೊಳ್ಳಲಿ ಎಂದು ಪುಕ್ಕಟೆ ಹಂಚಿದವನು ನಾನು. ಇಳಿಸಿಕೊಂಡ ನೂರಾರು ಜನ ಬಾಯ್ತುಂಬ ಹೊಗಳಿದ್ದರು. 'ಹಳೇ ಬ್ರೇಕು' ಎಂಬ ಅಡ್ಡಹೆಸರಿನ ಈ ಆಸಾಮಿ ಮಾತ್ರ ವಾರಕ್ಕೆ ಮೂರು ಸಲ ಆಟದ ಜಾಲಪುಟಕ್ಕೆ ಬಂದು ಅದೇ ರಾಗ ಎಳೆಯುತ್ತಿದ್ದ.

ದೀಪದ ವಿಷಯದಲ್ಲಿ ನನಗೇ ಪಾಠ ಹೇಳುವುದೆಂದರೆ ಏನು? ನಿಲ್ದಾಣದ ಎಲೆಕ್ಟ್ರಿಷಿಯನ್ ನಾನು. ಹತ್ತೊಂಬತ್ತು ವರ್ಷದಿಂದ ಸಂಜೆ ಆರೂವರೆಗೆ ಇಪ್ಪತ್ತೆರಡು ಕಂಬಗಳನ್ನೂ ಸುತ್ತಿ, ಒಂದೊಂದರ ಕೆಳಗೂ ನಿಂತು, ತಲೆಯೆತ್ತಿ ನೋಡಿ, ರಿಜಿಸ್ಟರಿನಲ್ಲಿ ಸರಿ ಗುರುತು ಹಾಕುವುದು ನನ್ನ ಕೆಲಸ. ಆಟದಲ್ಲೂ ಹಾಗೇ ಮಾಡಿದ್ದೆ. ಹಕ್ಕಿಯ ಹಾಗೆ ಹಾರಿಕೊಂಡು ಪ್ರತಿ ಕಂಬದ ಹತ್ತಿರವೂ ಹೋಗಿ ನೋಡಿದ್ದೆ. ಎಲ್ಲವೂ ಉರಿಯುತ್ತಿದ್ದವು.

ಆಟ ಹಳೆಯದು, ನಿಜ. ರಾತ್ರಿಯ ಓಟದಲ್ಲಿ ಅದು ಒಟ್ಟಿಗೆ ಎಂಟೇ ದೀಪಗಳಿಗೆ ಬೆಳಕು ಕೊಡುತ್ತದೆ. ನೋಡುವವನಿಗೆ ಯಾವ ಎಂಟು ಹತ್ತಿರವೋ ಅವು ಉರಿಯುತ್ತವೆ, ಉಳಿದವು ಸುಮ್ಮನೆ ನಿಂತಿರುತ್ತವೆ. ಅದಕ್ಕೇ ನನ್ನಂಥವರು ದೀಪದ ಕೆಳಗಿನ ನೆಲಕ್ಕೆ ಹಳದಿ ಬಣ್ಣ ಬಳಿದು ಬೆಳಕು ಬಿದ್ದಂತೆ ಕಾಣಿಸುತ್ತೇವೆ. ಪ್ಲಾಟ್‌ಫಾರಂ ಉದ್ದಕ್ಕೂ ಬಳಿದಿದ್ದೆ. ಬೆಂಚಿನ ಕೆಳಗಿನ ನೆರಳನ್ನೂ ಬಿಟ್ಟಿರಲಿಲ್ಲ. ಎಂಜಿನ್ ಷೆಡ್ಡಿನ ಕಡೆಯ ಇಪ್ಪತ್ತೆರಡನೇ ಕಂಬದ ಬಳಿ ಮಾತ್ರ ಆ ತೊಂದರೆ ತೆಗೆದುಕೊಳ್ಳಲಿಲ್ಲ. ಆ ಮೂಲೆಯನ್ನು ಯಾರು ನೋಡುತ್ತಾರೆ?

ಅಲ್ಲಿ ಒಂದು ವ್ಯಾಗನ್ ಇಟ್ಟಿದ್ದೆ. ಅದನ್ನು ಇಟ್ಟದ್ದು ಅಣ್ಣನ ಮೇಲಿನ ಸಿಟ್ಟಿಗೆ.

ನನ್ನ ಅಣ್ಣ ಎಂಜಿನ್ ಡ್ರೈವರ್ ಆಗಿದ್ದ. ನಾಲ್ಕು ವರ್ಷದ ಹಿಂದೆ ಒಂದು ರಾತ್ರಿ ಅದೇ ಕಂಬದ ಕೆಳಗಿನ 'ನಿಲ್ಲಿ' ಹಲಗೆಯನ್ನು ದಾಟಿಕೊಂಡು ಹೋಗಿ, ನಿಂತಿದ್ದ ವ್ಯಾಗನ್ನಿಗೆ ಗುದ್ದಿದ. ಅಲ್ಲಿ ಹಳಿ ತಿರುಗುವುದರಿಂದ ಎಂಜಿನ್ನಿನ ದೀಪದ ಬೆಳಕು ಷೆಡ್ಡಿನ ಗೋಡೆಗೆ ಬೀಳುತ್ತದೆ. ಹಲಗೆ ಕಾಣಬೇಕಾದರೆ ಕಂಬದ ದೀಪವೇ ಗತಿ. ದೀಪ ಉರಿಯುತ್ತಿರಲಿಲ್ಲ ಎಂದ ಅವನು. ವಿಚಾರಣೆಯಲ್ಲಿ ನನ್ನನ್ನು ಕರೆದು ಕೇಳಿದರು. ರಿಜಿಸ್ಟರ್ ತೋರಿಸಿ, 'ಆರೂವರೆಗೆ ಕಣ್ಣಾರೆ ಕಂಡಿದ್ದೇನೆ, ಉರಿಯುತ್ತಿತ್ತು' ಎಂದೆ. ಎಳ್ಳಷ್ಟೂ ಸುಳ್ಳಿರಲಿಲ್ಲ. ತೂಕಡಿಸಿ ಗುದ್ದಿ, ತಮ್ಮನ ದೀಪದ ಮೇಲೆ ತಪ್ಪು ಹೊರಿಸುತ್ತಾನಲ್ಲ ಎಂದು ನಾನು ಕಿಡಿಕಿಡಿಯಾಗಿದ್ದೆ.

ಅವನನ್ನು ಎಂಜಿನ್ನಿನಿಂದ ಇಳಿಸಿ ಉಗ್ರಾಣಕ್ಕೆ ಹಾಕಿದರು. ಇಪ್ಪತ್ತೇಳು ವರ್ಷ ಗಾಡಿ ಓಡಿಸಿದವನು ಈಗ ಕೈಗವಸು, ಗ್ರೀಸಿನ ಡಬ್ಬಿ ಎಣಿಸಿ ಕೊಡುತ್ತಾನೆ. ಒಂದೇ ಮನೆಯ ಎರಡು ಭಾಗದಲ್ಲಿ, ನಡುವೆ ಒಂದು ಗೋಡೆ ಇಟ್ಟುಕೊಂಡು ಬದುಕುತ್ತಿದ್ದೇವೆ. ಅಂದಿನಿಂದ ನನ್ನ ಹತ್ತಿರ ಅವನು ತುಟಿ ಪಿಟಕ್ಕೆಂದಿಲ್ಲ.

ಆ ಭಾನುವಾರ ಬೆಳಿಗ್ಗೆ ಅತ್ತಿಗೆ ಬಾಗಿಲ ಹೊರಗೇ ನಿಂತು ಕರೆದರು. ಮೊದಲೆಲ್ಲ ನನ್ನನ್ನು ಏಕವಚನದಲ್ಲಿ ಗದರುತ್ತಿದ್ದವರು, ವಿಚಾರಣೆಯ ಮಾರನೆಯ ದಿನದಿಂದ 'ನೀವು' ಎನ್ನುತ್ತಾರೆ.

"ನಾಳೆ ಅವರ ಮೇಲ್ಮನವಿ ವಿಚಾರಣೆ. ಇದೇ ಕೊನೆ. ಹೊಸದಾಗಿ ಏನಾದ್ರೂ ಇದ್ರೆ ಮಾತ್ರ ಕೇಳ್ತಾರಂತೆ. ನಿಮಗೇನಾದ್ರೂ ಹೇಳೋದಿದ್ಯಾ?"

"ಹೇಳೋದನ್ನ ಅವತ್ತೇ ಹೇಳಿದೀನಿ ಅತ್ತಿಗೆ."

"ಕೇಳ್ಬೇಡ ಅಂತ ಅವರು ಹೇಳಿದ್ರು. ನಾನೇ ನಾಚಿಕೆ ಬಿಟ್ಟು ಬಂದೆ."

ಚಪ್ಪಲಿ ಸದ್ದು ಮಾಡಿಕೊಂಡು ಹೊರಟೇಹೋದರು. ಆ ಕೋಪವನ್ನೆಲ್ಲ ಹಳೇ ಬ್ರೇಕಿನ ಮೇಲೆ ಕಾರಿಕೊಂಡೆ. ಉರಿಯುತ್ತಿರುವ ದೀಪದ ಚಿತ್ರ ಹಾಕಿ, 'ನಾನೇ ಕೆಳಗೆ ನಿಂತು ನೋಡಿದ್ದೇನೆ. ಮೊದಲು ನಿಮ್ಮ ಕಣ್ಣು ತೋರಿಸಿಕೊಳ್ಳಿ' ಎಂದು ಬರೆದೆ.

ಊಟ ಮುಗಿಸಿ ಬರುವಷ್ಟರಲ್ಲಿ ಉತ್ತರ ಬಂದಿತ್ತು. 'ಕೆಳಗೆ ಹೋಗಿ ನಿಂತರೆ ಉರಿಯುತ್ತದೆ. ಡ್ರೈವರ್ ಕಂಬದ ಕೆಳಗೆ ನಿಂತಿರುವುದಿಲ್ಲ. ಎಂಜಿನ್ನಿನಲ್ಲಿ ಕೂತು ತಿರುವಿನಿಂದ ಬಾ. ಆಮೇಲೆ ಮಾತಾಡು.'

ಏಕವಚನ ಬೇರೆ. ಇವನ ಮುಖಕ್ಕೆ ಹೊಡೆದ ಹಾಗೆ ತೋರಿಸುತ್ತೇನೆ ಎಂದುಕೊಂಡು ಕಿಟಕಿಯ ಪರದೆ ಎಳೆದು, ಆಟದಲ್ಲಿ ರಾತ್ರಿ ಮಾಡಿಕೊಂಡು ಡ್ರೈವರನ ಜಾಗದಲ್ಲಿ ಕೂತೆ. ಇಷ್ಟು ತಿಂಗಳಲ್ಲಿ ನಾನು ಗಾಡಿಯನ್ನು ಹಗಲಿನಲ್ಲಿ ಮಾತ್ರ ಓಡಿಸಿದ್ದೆ. ರಾತ್ರಿಯನ್ನು ಹಾರಿಕೊಂಡೇ ನೋಡಿದ್ದೆ.

ಪ್ಲಾಟ್‌ಫಾರಂ ಚೆಂದವಾಗಿ ದಾಟಿತು. ತಿರುವು ಬಂತು. ಎಂಜಿನ್ನಿನ ದೀಪ ಗೋಡೆಯನ್ನು ಸವರಿಕೊಂಡು ಹೋಯಿತು. ಎಂಟು ದೀಪಗಳ ಲೆಕ್ಕ ಹಿಂದಿನ ಪ್ಲಾಟ್‌ಫಾರಮ್ಮಿನಲ್ಲೇ ಮುಗಿದುಹೋಗಿತ್ತು. ಎದುರಿಗೆ ಕಪ್ಪು. ಹಲಗೆ ಎಲ್ಲಿದೆಯೆಂದು ಅದನ್ನು ನೆಟ್ಟ ನನಗೇ ಗೊತ್ತಾಗಲಿಲ್ಲ. ಪಕ್ಕನೆ ದೀಪ ಹೊತ್ತಿಕೊಂಡು ಹಲಗೆ ಕಾಣುವ ಹೊತ್ತಿಗೆ ಅದು ಕಿಟಕಿಯ ಪಕ್ಕಕ್ಕೇ ಬಂದಿತ್ತು. ಬ್ರೇಕು ಒತ್ತಿದೆ. ವ್ಯಾಗನ್ನಿಗೆ ಗುದ್ದಿದೆ.

ಮತ್ತೆ ಓಡಿಸಿದೆ. ಮತ್ತೆ ಗುದ್ದಿದೆ. ಗಾಡಿ ಬಿಟ್ಟು ಹಾರಿ ಹೋಗಿ ಕಂಬದ ಕೆಳಗೆ ನಿಂತೆ. ಉರಿಯಿತು. ಹಿಂದೆ ಸರಿದೆ. ಆರಿತು.

ಆಗ ನನ್ನ ಬಲಗೈ ನೆನಪಾಯಿತು.

ನಿಲ್ದಾಣದ ಆ ಕಂಬದಲ್ಲಿ ಬಲ್ಬಿನ ಹೋಲ್ಡರ್ ಸಡಿಲವಾಗಿತ್ತು. ಬದಲಿಸಿಕೊಡಿ ಎಂದು ಮೂರು ಸಲ ಬರೆದು ಕೊಟ್ಟಿದ್ದೆ. ಯಾರೂ ಕ್ಯಾರೇ ಅನ್ನಲಿಲ್ಲ, ನಾನೂ ಕೈಬಿಟ್ಟೆ. ಸಂಜೆ ಹೋದಾಗ ಅಂಗೈಯಿಂದ ಕಂಬಕ್ಕೆ ಒಂದು ಏಟು ಹಾಕುತ್ತಿದ್ದೆ. ಹತ್ತಿಕೊಳ್ಳುತ್ತಿತ್ತು. ಸರಿ ಗುರುತು ಹಾಕಿ ಬರುತ್ತಿದ್ದೆ. ಎಷ್ಟು ರೂಢಿಯಾಗಿತ್ತೆಂದರೆ, ಬಾಗಿಲು ತೆರೆಯುವಾಗ ಚಿಲಕ ಎತ್ತಿದ್ದನ್ನು ಯಾರೂ ಹೇಳದ ಹಾಗೆ, ವಿಚಾರಣೆಯಲ್ಲಿ ನಾನದನ್ನು ಹೇಳಲೇ ಇಲ್ಲ. ಗಾಡಿ ಬಂದು ನೆಲ ಅದುರಿದರೆ ಆ ದೀಪ ಏನಾಗುತ್ತದೆಂದು ಒಂದು ದಿನವೂ ನಿಂತು ನೋಡಿದವನಲ್ಲ.

ಅಂಗೈ ನೋಡಿಕೊಂಡು ಕೂತಿದ್ದಾಗ ಗೋಡೆಯಾಚೆಯಿಂದ ಎಂಜಿನ್ನಿನ ಹಾರನ್ ಕೇಳಿಸಿತು. ಕೊನೆಗೆ ಸಣ್ಣಗೆ ಗೊರಗುಟ್ಟುವ ಹಾರನ್. ಷೆಡ್ಡಿನಲ್ಲಿ ಮೊಬೈಲ್ ಹಿಡಿದು ನಾನೇ ಧ್ವನಿಮುದ್ರಿಸಿಕೊಂಡು ಆಟಕ್ಕೆ ಸೇರಿಸಿದ್ದು, ಬೇರೆ ಯಾವ ಆಟದಲ್ಲೂ ಇಲ್ಲದ್ದು. ಹಳೇ ಬ್ರೇಕು ಯಾರೆಂದು ಗೊತ್ತಾಯಿತು.

ಅತ್ತಿಗೆ ಬಾಗಿಲು ತೆರೆದರು, ಬನ್ನಿ ಎನ್ನಲಿಲ್ಲ. ಒಳಗೆ ಅಣ್ಣ ಹಳೆಯ ಕಂಪ್ಯೂಟರಿನ ಮುಂದೆ ನೆಟ್ಟಗೆ ಕೂತಿದ್ದ. ತಿರುಗಿಯೂ ನೋಡಲಿಲ್ಲ.

"ಅಣ್ಣ, ಆ ಹೋಲ್ಡರ್ ಲೂಸಾಗಿತ್ತು. ನಾನು ದಿನಾ ಕಂಬಕ್ಕೆ ಹೊಡೆದು ಹತ್ತಿಸ್ತಿದ್ದೆ."

ಅವನ ಕೈ ಕೀಲಿಗಳ ಮೇಲೇ ನಿಂತಿತು.

"ಎಷ್ಟು ದಿನದಿಂದ?"

"ಅವತ್ತಿಗೆ ಎರಡು ವರ್ಷ ಆಗಿತ್ತು. ಅವತ್ತೂ ಹೊಡ್ದಿದ್ದೆ."

"ನಂಗೆ ದೀಪ ಕೆಟ್ಟಿತ್ತು ಅನ್ನೋದಷ್ಟೇ ಗೊತ್ತಿತ್ತು. ಇದು ಗೊತ್ತಿರಲಿಲ್ಲ." ಅವನ ದನಿ ಏರಲಿಲ್ಲ. "ನಿದ್ದೆ ಮಾಡಿದ್ನೇನೋ ಅಂತ ಆಮೇಲಾಮೇಲೆ ನನ್ನ ಮೇಲೇ ನಂಗೆ ಅನುಮಾನ ಬಂದಿತ್ತು ಕಣೋ. ನಾಲ್ಕು ವರ್ಷ."

"ಬೇಕು ಅಂತ ಮುಚ್ಚಿಡಲಿಲ್ಲ."

"ಅದನ್ನ ನಂಗೆ ಹೇಳ್ಬೇಡ. ಬರ್ಕೊಡು."

ಅತ್ತಿಗೆ ಕಾಗದ, ಪೆನ್ನು ತಂದು ನನ್ನ ಮುಂದೆ ಕುಕ್ಕಿದರು. ಕೂರಲು ಕುರ್ಚಿ ಕೊಡಲಿಲ್ಲ. ಗೋಡೆಗೆ ಕಾಗದ ಒತ್ತಿ ಹಿಡಿದು, ನಿಂತೇ ಬರೆದೆ. ಇದು ಮೇಲಿನವರ ಕೈ ಸೇರಿದರೆ ನನ್ನ ಕೆಲಸ ಉಳಿಯುವುದಿಲ್ಲವೆಂದು ನನಗೂ ಗೊತ್ತಿತ್ತು, ಅವರಿಬ್ಬರಿಗೂ ಗೊತ್ತಿತ್ತು. ಇರಲಿ ಬಿಡು ಎಂದು ಅವರಲ್ಲಿ ಯಾರಾದರೂ ಹೇಳಿಯಾರು ಎಂದು ಸಹಿ ಹಾಕುವವರೆಗೂ ಒಳಗೊಳಗೇ ಕಾದೆ. ಯಾರೂ ಹೇಳಲಿಲ್ಲ.

ಅಣ್ಣ ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡ.

"ಆಟದಲ್ಲಿ ಆ ದೀಪ ಇವತ್ತೇ ಸರಿ ಮಾಡ್ತೀನಿ. ನೆಲಕ್ಕೆ ಬಣ್ಣ ಹಾಕಿದ್ರೆ ದೂರದಿಂದ್ಲೇ ಕಾಣುತ್ತೆ" ಎಂದೆ. ಕೊಡಲು ನನ್ನ ಹತ್ತಿರ ಬೇರೇನೂ ಇರಲಿಲ್ಲ.

"ಮುಟ್ಟಬೇಡ."

"ನೀನೇ ತಾನೆ ಸರಿ ಮಾಡು ಅಂದಿದ್ದು?"

"ನಾಳೆ ವಿಚಾರಣೆಗೆ ಈ ಕಂಪ್ಯೂಟರ್ ತಗೊಂಡ್ಹೋಗಿ, ಆಫೀಸರುಗಳನ್ನೇ ಇದರ ಮುಂದೆ ಕೂರ್ಸಿ ಓಡ್ಸಿ ಅಂತೀನಿ. ನೀನು ಕಟ್ಟಿದ್ರಲ್ಲಿ ಅವತ್ತಿದ್ದ ಹಾಗೇ ಇರೋದು ಅದೊಂದೇ." ಮತ್ತೆ ಪರದೆಯ ಕಡೆ ತಿರುಗಿಕೊಂಡ. "ಹೋಗ್ತಾ ಬಾಗ್ಲು ಹಾಕ್ಕೊಂಡು ಹೋಗು."

ಬಂದು ನನ್ನ ಕೋಣೆಯಲ್ಲಿ ಕೂತೆ. ಗೋಡೆಯಾಚೆ ಹಾರನ್ ಕೂಗಿತು, ಗಾಲಿಗಳು ತಿರುವಿನಲ್ಲಿ ಕಿರುಗುಟ್ಟಿದವು. ಬ್ರೇಕಿನ ಸದ್ದಿಗಾಗಿ ಕಾದೆ. ಅದು ಬರುವಷ್ಟರಲ್ಲಿ ಅವನು ಗುದ್ದಿಯಾಗಿತ್ತು.