ಕಾಮಾಲೆ ವೈದ್ಯನಿಗೆ ಬಂದ ಕಾಮಾಲೆ

ಕೊಡಿಗೇನಹಳ್ಳಿಯ ದೊಡ್ಡರಂಗಯ್ಯ ಭಾನುವಾರ ಬೆಳಿಗ್ಗೆ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುತ್ತಿದ್ದ. ಹಿಂದೂಪುರದಿಂದ, ಪಾವಗಡದಿಂದ ಜನ ಬಸ್ಸಿನಲ್ಲಿ ಬಂದು ಅವನ ಜಗಲಿಯ ಮೇಲೆ ಕೂರುತ್ತಿದ್ದರು. ಹೆಚ್ಚಿನವರ ಕಾಮಾಲೆ ತನ್ನಷ್ಟಕ್ಕೆ ತಾನೇ ವಾಸಿಯಾಗುವಂಥದ್ದು. ವಾಸಿಯಾದಾಗ ಕೀರ್ತಿ ಸೊಪ್ಪಿಗೆ ಸಲ್ಲುತ್ತಿತ್ತು. ವಾಸಿಯಾಗದವರು ಮತ್ತೆ ಬಂದು ದೂರು ಹೇಳುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲವಾದ್ದರಿಂದ ಕೀರ್ತಿಗೆ ಕುಂದು ಬರಲಿಲ್ಲ.

೧೯೮೯ರ ಬೇಸಿಗೆಯಲ್ಲಿ ದೊಡ್ಡರಂಗಯ್ಯನ ಕಣ್ಣೇ ಹಳದಿಯಾಯಿತು. ತನ್ನ ಸೊಪ್ಪನ್ನು ತಾನೇ ಅರೆದು ಕುಡಿದ. ಹಳದಿ ಇನ್ನಷ್ಟು ಏರಿತು. ಮೈಯೆಲ್ಲ ನವೆ, ಊಟ ಸೇರದು, ಪಂಚೆ ಸೊಂಟದಲ್ಲಿ ನಿಲ್ಲದು. ಆದರೂ ಭಾನುವಾರದ ಜನ ಕಡಿಮೆಯಾಗಲಿಲ್ಲ. ತಮಗಿಂತ ಹಳದಿಯಾದ ವೈದ್ಯನ ಕೈಯಿಂದ ಔಷಧಿ ಕುಡಿದು, ಪಥ್ಯ ಕೇಳಿಕೊಂಡು, ಕೈಮುಗಿದು ಹೋಗುತ್ತಿದ್ದರು.

ತಾಯಿಯಿಲ್ಲದ ಕಿರಿಯ ಮಗಳು ಜಗದಾಂಬ ಕೊನೆಗೆ ಹಟ ಹಿಡಿದು, ಮಧುಗಿರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ಅಕ್ಕನ ಗಂಡ ನಾಗಲಿಂಗಯ್ಯನನ್ನು ಕರೆಸಿದಳು. ಮೂವರೂ ಬೆಂಗಳೂರಿನ ಆಸ್ಪತ್ರೆಗೆ ಹೋದರು. ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದು ಪಿತ್ತದ ದಾರಿಯನ್ನು ಅದುಮಿತ್ತು. ತೆಗೆಯುವ ಕಾಲ ಮೀರಿತ್ತು. ಡಾಕ್ಟರು ಹೊಟ್ಟೆ ಕೊಯ್ದು, ಪಿತ್ತಕ್ಕೆ ಬೇರೆ ದಾರಿ ಮಾಡಿ ಹೊಲಿದರು.

ಮನೆಯಲ್ಲಿ ಇನ್ನಾರಿಗಾದರೂ ಹೀಗಾಗಿತ್ತೇ ಎಂದು ಡಾಕ್ಟರು ಕೇಳಿದಾಗ, ಅಪ್ಪನ ತಂದೆಯೂ ಅಪ್ಪನ ಅಕ್ಕನೂ ಹೀಗೇ ಹಳದಿಯಾಗಿ, ಸವೆದು ಸತ್ತದ್ದನ್ನು ಜಗದಾಂಬ ಹೇಳಿದಳು. ಡಾಕ್ಟರು ವಿವರಿಸಿದರು. ಜೀವಕೋಶ ಅಂಕೆ ಮೀರಿ ಬೆಳೆಯದಂತೆ ತಡೆಯುವ ಜೀನುಗಳಿವೆ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು. ಎರಡೂ ಕೆಟ್ಟರೆ ತಡೆ ಹೋಗುತ್ತದೆ. ಕೆಲವು ಮನೆತನಗಳಲ್ಲಿ ಒಂದು ಪ್ರತಿ ಹುಟ್ಟುವಾಗಲೇ ಕೆಟ್ಟಿರಬಹುದು. ವಿಜ್ಞಾನಿಗಳು ಈಗಷ್ಟೇ ಹುಡುಕುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಹಾಗಿದೆ ಎನ್ನಲು ನನ್ನ ಬಳಿ ಯಾವ ಪರೀಕ್ಷೆಯೂ ಇಲ್ಲ.

ನಾಗಲಿಂಗಯ್ಯ ಊರಿಗೆ ಬಂದು ಇದನ್ನೆಲ್ಲ ಜಗಲಿಯ ಮೇಲೆ ಪಾಠ ಮಾಡಿದ, ಕೊನೆಯ ಮಾತೊಂದನ್ನು ಬಿಟ್ಟು. ಪರೀಕ್ಷೆಯಲ್ಲಿ ಅನುಮಾನಕ್ಕೆ ಅಂಕ ಕೊಟ್ಟು ಅವನಿಗೆ ಅಭ್ಯಾಸವಿರಲಿಲ್ಲ. ಕೇಳುತ್ತಿದ್ದವರಲ್ಲಿ ಶಿರಾದ ಪರ್ವತಯ್ಯನೂ ಇದ್ದ; ಅವನ ಮಗನಿಗೆ ಜಗದಾಂಬಳನ್ನು ಗೊತ್ತುಮಾಡಿದ್ದರು. ಕಾಫಿ ಕುಡಿದು ಹೋದವನು, ಹುಡುಗನಿಗೆ ಈಗಲೇ ಮದುವೆ ಬೇಡವಂತೆ ಎಂದು ಹೇಳಿಕಳಿಸಿದ. ತಪ್ಪು ಸರಿಮಾಡಲು ನಾಗಲಿಂಗಯ್ಯ ಶಿರಾಕ್ಕೆ ಓಡಿ, ಕೆಟ್ಟ ಜೀನು ಇದ್ದರೂ ಮಗಳಿಗೆ ಬರುವ ಸಾಧ್ಯತೆ ಅರ್ಧ ಮಾತ್ರ ಎಂದು ಸಮಾಧಾನ ಹೇಳಿದ. ಪರ್ವತಯ್ಯನಿಗಿದ್ದ ಅರ್ಧ ಅನುಮಾನ ಅದರಿಂದ ಪೂರ್ತಿಯಾಯಿತು. ಆ ಅರ್ಧ ತನ್ನ ಹೆಂಡತಿಗೂ ಸೇರಿದ್ದೆಂದು ನಾಗಲಿಂಗಯ್ಯನಿಗೆ ವಾಪಸು ಬರುವ ಬಸ್ಸಿನಲ್ಲಿ ಹೊಳೆಯಿತು. ಆಮೇಲೆ ಅವನು ಪಾಠ ಮಾಡಲಿಲ್ಲ.

ಇತ್ತ ಆಪರೇಷನ್ನಿನಿಂದ ದೊಡ್ಡರಂಗಯ್ಯನ ಹಳದಿ ಇಳಿಯಿತು. ಸೊಪ್ಪು ಕೊನೆಗೂ ಕೆಲಸ ಮಾಡಿತೆಂದು ಊರು ತೀರ್ಮಾನಿಸಿತು. ಭಾನುವಾರದ ಜನ ಇಮ್ಮಡಿಯಾದರು.

“ಬಣ್ಣ ಹೋಗೈತೆ ಕಣ್ರಪ್ಪ, ಕಾಯ್ಲೆ ಹೋಗಿಲ್ಲ. ಆಸ್ಪತ್ರೆಗೆ ಹೋಗಿ,” ಎಂದು ಅವನು ಬೇಡಿಕೊಂಡ. ದೊಡ್ಡವರ ವಿನಯವೇ ಹೀಗೆ ಎಂದು ತಲೆದೂಗಿ ಜನ ಅಲ್ಲೇ ಕೂತರು.

ಒಂದು ಭಾನುವಾರ ಪರ್ವತಯ್ಯನೇ ಬಂದ, ಕಣ್ಣು ಹಳದಿಯಾದ ತಮ್ಮನನ್ನು ಕರೆದುಕೊಂಡು.

“ನಮ್ಮನೆ ರಕ್ತ ಬ್ಯಾಡ, ನಮ್ಮನೆ ಸೊಪ್ಪು ಬೇಕಾ ಮಾವ?” ಎಂದಳು ಜಗದಾಂಬ.

ಪರ್ವತಯ್ಯ ತಮ್ಮನನ್ನು ಜಗಲಿಯ ಮೇಲೆ ಕೂರಿಸಿದ. ದೊಡ್ಡರಂಗಯ್ಯ ಮಗಳನ್ನು ಗದರಿ, ಆ ತಮ್ಮನ ಹೊಟ್ಟೆ ಒತ್ತಿ ನೋಡಿ, ಔಷಧಿ ಕೊಡದೆ, ಇವತ್ತೇ ತುಮಕೂರಿಗೆ ಕರೆದುಕೊಂಡು ಹೋಗು ಎಂದು ಪಟ್ಟು ಹಿಡಿದ. ಗೊಣಗುತ್ತಲೇ ಹೋದರು. ತಮ್ಮನ ಪಿತ್ತದ ದಾರಿಗೆ ಅಡ್ಡ ಕೂತಿದ್ದದ್ದು ಬರೀ ಕಲ್ಲು; ತೆಗೆಸಿಕೊಂಡು ಗಟ್ಟಿಮುಟ್ಟಾದ. ವೈದ್ಯನ ಕೈ ತಾಗಿದ್ದಕ್ಕೇ ವಾಸಿಯಾಯಿತೆಂದು ಪರ್ವತಯ್ಯ ಶಿರಾದ ತುಂಬ ಸಾರಿದ, ಮದುವೆಯ ಮಾತನ್ನೂ ಮತ್ತೆ ಎತ್ತಿದ. ಜಗದಾಂಬ ಬೇಡವೆಂದಳು.

ಕಾರ್ತಿಕದ ಹೊತ್ತಿಗೆ ದೊಡ್ಡರಂಗಯ್ಯ ಹಾಸಿಗೆ ಹಿಡಿದಿದ್ದ. ಒಂದು ಮಧ್ಯಾಹ್ನ ಮಗಳು ಗಂಜಿ ಕುಡಿಸುತ್ತಿದ್ದಾಗ ಕೇಳಿದ: “ನಿಂಗೂ ನಂದೇ ಬಂದಿರ್ತೈತೇನಮ್ಮ?”

“ಮೂಗು ನಿಂದು, ಹಟ ನಿಂದು. ಅದೊಂದು ಬಂದೈತೋ ಇಲ್ವೋ ಆ ಡಾಕ್ಟ್ರಿಗೇ ಗೊತ್ತಿಲ್ಲ. ಗಂಜಿ ಕುಡಿಯಪ್ಪ.”

ಅವನಿಗೆ ನಗು ಬಂತು. ಹೊಲಿಗೆ ಹಾಕಿದ ಹೊಟ್ಟೆಯನ್ನು ಒತ್ತಿ ಹಿಡಿದುಕೊಂಡು ನಕ್ಕು, ಲೋಟ ಇಸಿದುಕೊಂಡು ತಾನೇ ಕುಡಿದ. ಆ ತಿಂಗಳು ಮುಗಿಯುವ ಮೊದಲೇ ತೀರಿಕೊಂಡ.

ಮುಂದಿನ ಭಾನುವಾರ ಔಷಧಿಗೆಂದು ಬಂದವರನ್ನು ಜಗದಾಂಬ ಮಧುಗಿರಿಯ ಬಸ್ಸು ಹತ್ತಿಸಿದಳು. ಇಬ್ಬರಿಗೆ ಮಾತ್ರ ಬಸ್ಸು ತಪ್ಪಿತು. ಅವರು ಹಿತ್ತಲಲ್ಲಿ ಕಂಡ ಕಂಡ ಸೊಪ್ಪನ್ನೆಲ್ಲ ಕೀಳುತ್ತಿದ್ದರು.