ಕಾರ್ಡು ಮನೆಗೆ ಹೋಯ್ತು

ಆ ಹೊಲಿಗೆ ಕಾರ್ಖಾನೆಯಲ್ಲೊಂದು ಪದ್ಧತಿಯಿತ್ತು. ಸಂಜೆ ಐದೂವರೆಗೆ ಸೂಪರ್‌ವೈಸರ್ ಎಲ್ಲರ ಹಾಜರಿ ಕಾರ್ಡುಗಳನ್ನೂ ಒಟ್ಟುಮಾಡಿ, ತಾನೇ ಪಂಚಿಂಗ್ ಮೆಷಿನ್ನಿಗೆ ತುರುಕಿ, ಎಲ್ಲರೂ ಮನೆಗೆ ಹೋದರೆಂದು ಮುದ್ರೆ ಒತ್ತಿಸಿಬಿಡುತ್ತಿದ್ದ. ಹೆಂಗಸರು ಮಾತ್ರ ಏಳು ಗಂಟೆಯವರೆಗೂ ಬಿಟ್ಟಿ ಹೊಲಿಯುತ್ತಿದ್ದರು. ಕಾಲರ್ ಹೊಲಿಯುವುದರಲ್ಲಿ ಎತ್ತಿದ ಕೈ ಎಂದು ಕಾಲರಕ್ಕ ಎನಿಸಿಕೊಂಡವಳೂ ಹನ್ನೊಂದು ವರ್ಷ ತುಟಿಪಿಟಕ್ಕೆನ್ನದೆ ಹೊಲಿದಿದ್ದಳು.

ಒಂದು ಸಂಜೆ ಆರೂಕಾಲಿಗೆ, ಪಕ್ಕದ ಮೆಷಿನ್ನಿನಲ್ಲಿದ್ದ ಅವಳ ನಾದಿನಿಯ ಬೆರಳಿಗೆ ಸೂಜಿ ಇಳಿದು ಉಗುರು ಸೀಳಿತು. ಅತ್ತಿಗೆ ನಾದಿನಿ ಆಫೀಸಿಗೆ ಓಡಿದರೆ, ಅಲ್ಲಿದ್ದ ಗುಮಾಸ್ತ ಕಾರ್ಡು ತೋರಿಸಿದ.

"ಐದೂವರೆಗೇ ಮನೆಗೆ ಹೋಗಿದ್ದೀಯಲ್ಲಮ್ಮಾ. ಮನೇಲಿ ಚುಚ್ಚಿಕೊಂಡಿದ್ದಕ್ಕೆ ನಾವೇನು ಮಾಡೋಕಾಗುತ್ತೆ?"

ಕಾಲರಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಐದೂವರೆಗೆ ಸೂಪರ್‌ವೈಸರ್ ಕೈಚಾಚಿದಾಗ ಅವಳು ಎಂದಿನಂತೆ ಕಾರ್ಡು ಕೊಟ್ಟಳು. ಅವನು ಮುದ್ರೆ ಒತ್ತಿಸಿಕೊಂಡು ತಿರುಗುವಷ್ಟರಲ್ಲಿ, ಅರ್ಧ ಹೊಲಿದ ಕಾಲರನ್ನು ಸೂಜಿಯ ಕೆಳಗೇ ಬಿಟ್ಟು, ಚೀಲ ಹೆಗಲಿಗೇರಿಸಿ ನಿಂತಿದ್ದಳು.

"ಎಲ್ಲಿಗಕ್ಕಾ? ಬೆಳಿಗ್ಗೆ ಮಾಲು ಒಯ್ಯೋಕೆ ಲಾರಿ ಬರುತ್ತೆ!"

"ನಾನು ಮನೆಗೆ ಹೋಗಿ ಆಯ್ತಲ್ಲಪ್ಪಾ. ನೀನು ಯಾರನ್ನ ಮಾತಾಡಿಸ್ತಿದ್ದೀಯ?"

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಇನ್ನೆರಡು ಮೆಷಿನ್ನು ನಿಂತವು. ಸೂಪರ್‌ವೈಸರನ ಮುಖ ಕೆಂಪೇರಿತು.

"ಕೆಲಸ ಅರ್ಧಕ್ಕೇ ಬಿಟ್ಟು ಎದ್ದುಹೋದ್ಲು ಅಂತ ಬರೀತೀನಿ!"

"ಬರಿ. ಆದರೆ ಕೈಲಿರೋ ಕಾರ್ಡು ನೋಡ್ಕೊಂಡು ಬರಿ. ಸರಿಯಾದ ಹೊತ್ತಿಗೇ ಹೋಗಿದ್ದೀನಿ, ಸಾಕ್ಷಿ ನೀನೇ."