ಮಮ್ಮಿ ಇಲ್ಲದ ರೋಸ್ ಬೇಡ

ನನ್ನ ರೋಸ್ ನಡೆದದ್ದು ಮಕ್ಕಳು ನೀರಾಡುವ, ಗಾಳಿ ತುಂಬಿಸುವ ತೊಟ್ಟಿಯಲ್ಲಿ. ನಗಬೇಡಿ. ಗಲ್ಫಿನಲ್ಲಿ, ಸಿಲಿಕಾನ್ ಓಯಸಿಸ್‌ನ ನಮ್ಮ ಕಟ್ಟಡದ ಪಾರ್ಟಿ ರೂಮಿನ ಕಾರ್ಪೆಟ್ ಒದ್ದೆಯಾದರೆ ವಾಚ್‌ಮನ್ ಸುಮ್ಮನೆ ಬಿಡುವವನಲ್ಲ. ಮದುವೆಯ ಮುನ್ನಾದಿನ ತಲೆಗೆ ತೆಂಗಿನ ಹಾಲೆರೆದು ಮೀಯಿಸುವ ಈ ರೋಸ್ ಮಾಡದೆ ಮಗಳನ್ನು ಇಗರ್ಜಿಗೆ ಕಳಿಸುವವರು ಮಂಗಳೂರಿನ ಕ್ಯಾಥೊಲಿಕರೂ ಅಲ್ಲ. ಹಾಗಾಗಿ ನೀಲಿ ತೊಟ್ಟಿ, ಅದರೊಳಗೆ ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ಹಳೆ ಸೀರೆ ಉಟ್ಟ ನಾನು, ರೀಮಾ.

ಮೊದಲ ಹಾಲು ಹೆತ್ತವರದು. ಡ್ಯಾಡಿ ಹಿಂದಿನ ವರ್ಷ ಅಬುಧಾಬಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಮಮ್ಮಿ ಪಕ್ಕದ ಪ್ಯಾಂಟ್ರಿಯಲ್ಲಿ ಇಡ್ಲಿಯಂಥ ಸನ್ನಾಂ ಬೇಯಿಸುತ್ತಿದ್ದಳು. ಊಟ ಹೊರಗಿನಿಂದ ಬಂದಿತ್ತು, ಅವಳ ಸನ್ನಾಂ ಯಾರಿಗೂ ಬೇಕಿರಲಿಲ್ಲ. ವಿಧವೆ ಶುಭಕಾರ್ಯದಲ್ಲಿ ಎದುರು ಬರಬಾರದೆಂದು ಡ್ಯಾಡಿಯ ಅಣ್ಣ ವಿಲ್ಸನ್ ಬಾಪ್ಪು ಬೆಳಿಗ್ಗೆಯೇ ಅಪ್ಪಣೆ ಕೊಡಿಸಿದ್ದರು. ಮಮ್ಮಿ ಸೆರಗು ಸಿಕ್ಕಿಸಿ ಒಳಗೆ ಹೋದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಕೊಂಕಣಿ ಬಳಗದ ಮುಖಂಡರು, ಅಂದರೆ ಗುರ್ಕಾರ್, ಪ್ಯಾಟ್ರಿಶಿಯಾ ಬಾಯಿ. ಹಿರಿಯ ಹೆಂಗಸರನ್ನು ನಾವು ಬಾಯಿ ಅನ್ನುವುದು. ನರ್ಸ್. ಊರಿನಲ್ಲಿ ಗುರ್ಕಾರಿಕೆ ಅಂದರೆ ಮದುವೆ ಮನೆಯಲ್ಲಿ ಮೊದಲ ಕುರ್ಚಿ. ಇಲ್ಲಿ ಶವಾಗಾರದ ಮುಂದೆ ಕಾಯುವುದು, ಬಾಣಂತಿಗೆ ಗಂಜಿ ಒಯ್ಯುವುದು. ಮೀಸೆ ಇದ್ದವರೆಲ್ಲ ನಯವಾಗಿ ಜಾರಿಕೊಂಡು ಕೆಲಸವನ್ನು ಇವರ ತಲೆಗೆ ಕಟ್ಟಿದ್ದರು. ಡ್ಯಾಡಿಯ ಕೊನೆಯ ದಿನಗಳಲ್ಲಿ ಅವರ ಹೇಸಿಗೆ ಬಳಿದದ್ದು ಈ ಬಾಯಿ. ಆಗ ಬಾಪ್ಪುವಿಗೆ ಆಫೀಸಿನಲ್ಲಿ ಭಾರೀ ಕೆಲಸ.

ಗುರ್ಕಾರ್ ನೆರೆದ ಹತ್ತು ಸಮಸ್ತರ ಒಪ್ಪಿಗೆ ಕೇಳಿದ ಮೇಲೆಯೇ ರೋಸ್ ಶುರು. ಬಾಯಿ ಹಾಲಿನ ಬೋಗುಣಿ ಎತ್ತಿಕೊಂಡು ಸುತ್ತ ನೋಡಿದರು.

"ಹಿಲ್ಡಾ ಎಲ್ಲಿ?"

"ಅವಳು ಬರುವುದಿಲ್ಲ," ಬಾಪ್ಪು ಅಂದರು. "ಹಾಲು ನಾನು ಎರೆಯುತ್ತೇನೆ. ಯಲ್ಲಾ, ಶುರು ಮಾಡಿ."

"ಹೆತ್ತವಳು ಬರಲಿ ವಿಲ್ಸನಾಬ್. ಕಾಯುವ."

"ಗುರ್ಕಾರ್ ಅಂದ್ರೆ ಸೇವೆ ಮಾಡುವವರು ಬಾಯಿ. ಆರ್ಡರ್ ಮಾಡುವವರಲ್ಲ."

"ಸೇವೆಯೇ ಮಾಡುವುದು ನಾನು," ಅಂದರು ಬಾಯಿ. ದನಿ ಏರಲಿಲ್ಲ. ಬೋಗುಣಿ ಹಿಡಿದುಕೊಂಡೇ ಹೋಗಿ ಪ್ಯಾಂಟ್ರಿಯ ಹೊಸ್ತಿಲಿನ ಎದುರು, ಒಳ್ಳೆಯ ರೇಷ್ಮೆ ಸೀರೆಯಲ್ಲಿ, ನೆಲದ ಮೇಲೆ ಕೂತುಬಿಟ್ಟರು.

ಯಾರೋ ಊಟ ತಣ್ಣಗಾಗುತ್ತದೆ ಅಂದರು. ಯಾರೋ ವಿಲ್ಸನಾಬ್ ಹೇಳುವುದೂ ಸರಿಯೇ ಅಂದರು. ಬಾಯಿ ಅಲುಗಲಿಲ್ಲ.

ಒಳಗಿನಿಂದ ಮಮ್ಮಿಯ ದನಿ ಕೇಳಿತು. "ಬೇಡ ಬಾಯಿ. ಮಗಳಿಗೆ ಕೆಟ್ಟದಾದ್ರೆ? ನೀವು ನೆಲದಲ್ಲಿ ಕೂರ್ಬೇಡಿ, ನನಗೆ ನಾಚಿಕೆ ಆಗ್ತದೆ."

"ನಿನ್ನ ಗಂಡನ ಮಂಚದ ಹತ್ರ ಕೂತದ್ದೂ ನೆಲದಲ್ಲೇ ಹಿಲ್ಡಾ. ನನಗೆ ಅಭ್ಯಾಸ ಉಂಟು. ನಿನಗೆ ಯಾವಾಗ ಮನಸ್ಸಾಗ್ತದೋ ಆಗ ಬಾ."

ಬಾಪ್ಪುವಿನ ಮುಖ ಕೆಂಪೇರಿತು. "ಅವಳು ಮುಟ್ಟಿದ್ರೆ ಖಲಾಸ್! ನಾಳೆ ನಾನು ಇಗರ್ಜಿಗೆ ಬರುವುದಿಲ್ಲ. ಇವಳ ಕೈ ಹಿಡಿದು ಆಲ್ತಾರಿಗೆ ಯಾರು ಕರ್ಕೊಂಡು ಹೋಗ್ತಾರೆ, ನೋಡ್ತೇನೆ!"

ಅಷ್ಟು ಹೊತ್ತು ಹಲ್ಲು ಕಚ್ಚಿ ಕೂತಿದ್ದ ನನಗೆ ಅದು ಸಾಕಾಯಿತು.

"ಮಮ್ಮಿ ಕರ್ಕೊಂಡು ಹೋಗ್ತಾಳೆ ಬಾಪ್ಪು. ನೀವು ಬರ್ಬೇಡಿ. ಮಮ್ಮಿಯ ಕೈ ತಾಗದೆ ಈ ತಲೆಗೆ ಒಂದು ಹನಿ ಹಾಲು ಬೀಳ್ಲಿಕ್ಕಿಲ್ಲ. ನಾನೂ ಕಾಯ್ತೇನೆ."

ಬಾಪ್ಪು ಹೊರಟರು. ಅವರ ಹಿಂದೆ ಅವರ ಮನೆಯವರೆಲ್ಲ ಎದ್ದರು. ಬಾಗಿಲು ಬಡಿದ ಸದ್ದಿಗೆ ಮಮ್ಮಿ ಹೊಸ್ತಿಲಿಗೆ ಬಂದಳು. ಬಾಯಿ ತಮ್ಮ ಸೆರಗಿನಿಂದ ಅವಳ ಕೈಗೆ ಅಂಟಿದ ಹಿಟ್ಟು ಒರೆಸಿದರು, ಬೋಗುಣಿ ಆ ಕೈಗೇ ಕೊಟ್ಟು ಎದ್ದು ನಿಂತು, ಉಳಿದವರ ಕಡೆ ತಿರುಗಿ ಕೇಳಿದರು.

"ಹತ್ತು ಸಮಸ್ತರ ಒಪ್ಪಿಗೆ ಉಂಟಾ?"

ಮೊದಲು ಒಂದೇ ಒಂದು ಮುದಿ ದನಿ "ಉಂಟು" ಅಂದಿತು. ಆಮೇಲೆ ಹಲವು.

ಮಮ್ಮಿ ಎರೆದ ಹಾಲು ಅರ್ಧ ನನ್ನ ಭುಜದ ಮೇಲೆ ಚೆಲ್ಲಿತು. ಬೆಚ್ಚಗಿನ ಆ ಬೆರಳುಗಳು ಕೂದಲೊಳಗೆ ಇಳಿದದ್ದೇ ತಡ, ಬಾಪ್ಪುವಿಗೆ ಎದುರು ಮಾತಾಡಿದ ನಾನು ಕುತ್ತಿಗೆ ಬಗ್ಗಿಸಿ ಬಿಕ್ಕಿಬಿಕ್ಕಿ ಅತ್ತೆ. ಮಮ್ಮಿ ಅಳಲಿಲ್ಲ. ಗಲ್ಲ ಹಿಡಿದು ನನ್ನ ಮುಖವನ್ನು ಮೇಲೆತ್ತಿದಳು.

"ತಲೆ ಎತ್ತಿ ಕೂತ್ಕೊ," ಅಂದಳು.